ಮೊದಲು ಕಣ್ಣು, ಆಮೇಲೆ ಕೈ

ಮಗೂ,

ಬರ್ಮಿಂಗ್‌ಹ್ಯಾಮ್‌ನ ಹರಾಜು ಮಳಿಗೆಯಿಂದ ನೀನು ಕಳಿಸಿದ ರಿವಾಲ್ವರಿನ ಫೋಟೊ ಬಂತು. ‘ಅಜ್ಜಾ, ಸಿಲಿಂಡರಿನ ಮೇಲೆ ಅಂಕುಡೊಂಕು ಗೆರೆ ಇದೆ, ಇದು ವೆಬ್ಲಿ-ಫಾಸ್ಬರಿಯೇ’ ಎಂಬ ನಿನ್ನ ತೀರ್ಪೂ ಜೊತೆಗೇ ಬಂತು. ಮಡಿಕೇರಿಯಲ್ಲಿ ನಲವತ್ತು ವರ್ಷ ಕೋವಿ ರಿಪೇರಿ ಮಾಡಿದವನ ಮಾತು ಸ್ವಲ್ಪ ಕೇಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಆ ಗೆರೆ ಇರುವುದು ಒಂದೇ ರಿವಾಲ್ವರಿನಲ್ಲಲ್ಲ. ಜರ್ಮನಿಯ ಮೌಸರ್ 1878ರ ಮಾದರಿಯಲ್ಲೂ ಅಂಥದೇ ಗೆರೆ ಇದೆ. ಅದರಲ್ಲಿ ಸಿಲಿಂಡರನ್ನು ತಿರುಗಿಸುವುದು ನಿನ್ನ ಬೆರಳಿನ ಬಲ. ಫಾಸ್ಬರಿಯಲ್ಲಿ ಗುಂಡು ಹಾರಿದಾಗಿನ ಒದೆತವೇ ಆ ಕೆಲಸ ಮಾಡುತ್ತದೆ. ನಳಿಕೆ, ಸಿಲಿಂಡರ್ ಎರಡೂ ಕೆಳಗಿನ ಚೌಕಟ್ಟಿನ ಮೇಲೆ ಹಿಂದಕ್ಕೆ ಜಾರುತ್ತವೆ. ಚೌಕಟ್ಟಿನಲ್ಲಿ ನೆಟ್ಟ ಪುಟ್ಟ ಗೂಟ ಆ ಗೆರೆಯೊಳಗೆ ಓಡಿ ಸಿಲಿಂಡರನ್ನು ತಿರುಗಿಸುತ್ತದೆ, ಕುದುರೆಯೂ ತಾನಾಗಿ ಏರುತ್ತದೆ. 1863ರ ಅಂಬೇಲಾ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದ ಜಾರ್ಜ್ ಫಾಸ್ಬರಿ ಎಂಬ ದಳಪತಿಯ ಬುದ್ಧಿ ಅದು. ಬ್ರಿಟಿಷ್ ಸೇನೆ ಅದನ್ನು ಅಧಿಕೃತವಾಗಿ ಒಪ್ಪಲಿಲ್ಲ. ಆದರೂ ಅಧಿಕಾರಿಗಳು ಸ್ವಂತ ದುಡ್ಡಿನಿಂದ ಕೊಂಡರು. ಕೈ ಸಡಿಲವಾಗಿ ಹಿಡಿದರೆ ಜಾರುವ ಭಾಗ ಪೂರ್ತಿ ಜಾರುತ್ತಿರಲಿಲ್ಲ, ಕೆಸರು ಸೇರಿದರಂತೂ ಕೇಳುವುದೇ ಬೇಡ.

ಹಾಗಾದರೆ ಏನು ನೋಡಬೇಕು? ನೀನು ಮುಟ್ಟಬೇಡ; ಮಳಿಗೆಯವರೇ ತೆಗೆದು ಖಾಲಿ ಎಂದು ತೋರಿಸಲಿ. ಬಿಚ್ಚುವಾಗ ನಳಿಕೆಯ ಮೂತಿ ಮೇಲೆದ್ದರೆ ಮೌಸರ್, ಕೆಳಗೆ ಬಾಗಿದರೆ ವೆಬ್ಲಿಯ ಜಾತಿ. ಮೇಲ್ಭಾಗವೂ ಕೆಳಭಾಗವೂ ಬೇರೆ ಬೇರೆಯಾಗಿ ಕೂತ ಜಾಡು ಕಾಣುತ್ತದೆಯೇ ನೋಡು. ಎಡಮಗ್ಗುಲಲ್ಲಿ ಸೇಫ್ಟಿ ಕೀಲಿ ಇದೆಯೇ ನೋಡು, ಮಾಮೂಲಿ ಸೇನಾ ವೆಬ್ಲಿಯಲ್ಲಿ ಅದು ಇರುವುದಿಲ್ಲ. ಸಿಲಿಂಡರಿನಲ್ಲಿ ಗುಂಡು ಕೂರುವ ಮನೆಗಳನ್ನು ಎಣಿಸು: .455 ಆದರೆ ಆರು, .38 ಆದರೆ ಎಂಟು. ಎಂಟು ಮನೆಯದು ಸಿಗುವುದು ಅಪರೂಪ. ಕೊನೆಗೆ ಮುದ್ರೆ: ರೆಕ್ಕೆಯ ಗುಂಡು ವೆಬ್ಲಿಯದು, ಕಿರೀಟ ಕೋವಿ ಪರೀಕ್ಷಿಸುವ ಪ್ರೂಫ್ ಹೌಸಿನದು.

ಮುದ್ರೆ ಎಂದಾಗಲೆಲ್ಲ ನನಗೆ ನಾಚಿಕೆ. ಕೆಲಸ ಕಲಿಯುವಾಗ ಕಾಫಿ ತೋಟದ ಮನೆಯೊಂದರಿಂದ ತುಕ್ಕು ಹಿಡಿದ ವೆಬ್ಲಿ ರಿಪೇರಿಗೆ ಬಂದಿತ್ತು. ಅಂಗಡಿಯ ಯಜಮಾನರು ಊಟಕ್ಕೆ ಹೋದ ಹೊತ್ತಲ್ಲಿ ಎಮರಿ ಪೇಪರ್ ಹಿಡಿದು ಉಜ್ಜಿಬಿಟ್ಟೆ. ಬೆಳ್ಳಿ ಬಟ್ಟಲಿನಂತೆ ಹೊಳೆಯಿತು. ಬಂದವರು ಬೆಳಕಿಗೆ ಹಿಡಿದು, ಮುದ್ರೆ ಇದ್ದ ಜಾಗವನ್ನು ಹೆಬ್ಬೆರಳಲ್ಲಿ ಸವರಿ, ‘ಇದರ ಜಾತಕ ಅಳಿಸಿದೆಯಲ್ಲೋ’ ಎಂದರು, ಅಷ್ಟೇ. ಬೈದಿದ್ದರೆ ಮರೆತೇಬಿಡುತ್ತಿದ್ದೆ.

ಅದಕ್ಕೇ ಹೇಳುತ್ತೇನೆ: ತುಕ್ಕನ್ನು ಮುಟ್ಟಬೇಡ, ಹೊಳಪಿಗೆ ಮರುಳಾಗಬೇಡ. 1997ರ ಬಂದೂಕು ಕಾಯಿದೆ ಬಂದ ಮೇಲೆ ಬ್ರಿಟನ್ನಿನಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಹುಡುಗಾಟವಲ್ಲ; ಕೊಳ್ಳುವ ಆಸೆ ಬಿಡು, ನೋಡುವ ಆಸೆ ಬೆಳೆಸಿಕೋ. ನಿನಗೆ ಬೇಕಾದದ್ದನ್ನೇ ಕಾಣುವ ಚಟ ಮಾತ್ರ ಬೇಡ.

ನಿನ್ನ ಫೋಟೊ ಬಲಮಗ್ಗುಲಿನದು. ಎಡಮಗ್ಗುಲಿನದೂ ಒಂದು ಕಳಿಸು. ಅಲ್ಲಿಯವರೆಗೆ ನಾನೂ ಹೆಸರು ಹೇಳುವುದಿಲ್ಲ.

ನಿನ್ನ ಅಜ್ಜ