ಎರಡೂ ಇರಲಿ, ಒಂದೇ ಗಂಟೆಯಲ್ಲಿ ಬೇಡ

ಪ್ರಶ್ನೆ: ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಇಬ್ಬರಿಗೂ ಮನೆಯಲ್ಲೇ ಕಲಿಸುತ್ತಿದ್ದೇನೆ. ಮೊದಲು ಮಾಂಟೆಸ್ಸರಿ ಸಾಮಗ್ರಿ ತಂದು ಒಂದು ಕೋಣೆಯಲ್ಲಿ ಜೋಡಿಸಿದೆ. ಆಮೇಲೆ ಷಾರ್ಲೆಟ್ ಮೇಸನ್ ಪದ್ಧತಿಯೂ ಹಿಡಿಸಿತು. ಈಗ ಎರಡನ್ನೂ ಮಾಡಲು ಹೋಗಿ ರಾತ್ರಿ ಹನ್ನೊಂದಾದರೂ ಮರುದಿನದ ಚಾರ್ಟ್ ಬರೆಯುತ್ತಾ ಕೂತಿರುತ್ತೇನೆ. ಮಗಳು ಮಣಿ ಜೋಡಿಸುತ್ತಿರುವಾಗ ಕಥೆಯ ಹೊತ್ತಾಯಿತೆಂದು ಎಬ್ಬಿಸಿದರೆ ಸಿಡುಕುತ್ತಾಳೆ. ಅತ್ತೆ, ‘ಸುಮ್ಮನೆ ಸ್ಕೂಲಿಗೆ ಹಾಕು’ ಅನ್ನುತ್ತಾರೆ. ಒಂದು ಪದ್ಧತಿಯನ್ನು ಬಿಟ್ಟುಬಿಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ಪದ್ಧತಿ ಬಿಡಬೇಕಿಲ್ಲ, ಆ ಚಾರ್ಟ್ ಬಿಡಿ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಮಗಳ ಸಿಡುಕು. ಅದು ಹಟವಲ್ಲ. ಮಗು ಕೈಗೆತ್ತಿಕೊಂಡ ಕೆಲಸವನ್ನು ನಡುವೆ ತಡೆಯಬಾರದು ಎನ್ನುವುದು ಮಾಂಟೆಸ್ಸರಿಯ ಮೊದಲ ಕಟ್ಟಳೆ. ಅದಕ್ಕೇ ಅಲ್ಲಿ ಬೆಳಗಿನ ಮೂರು ಗಂಟೆಯನ್ನು ತುಂಡು ಮಾಡದೆ ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಮೇಸನ್ ಹೇಳುವುದೇ ಬೇರೆ: ಚಿಕ್ಕವರ ಪಾಠ 15–20 ನಿಮಿಷ ಮೀರಬಾರದು, ಗಮನ ಚದುರುವ ಮೊದಲೇ ವಿಷಯ ಬದಲಾಗಬೇಕು. ನೀವು ಒಬ್ಬರ ಮಣಿ ಕೊಟ್ಟು ಇನ್ನೊಬ್ಬರ ಗಡಿಯಾರ ನೋಡುತ್ತಿದ್ದೀರಿ. ಅವರಿಬ್ಬರ ನಡುವೆಯೂ ಹೊಂದಾಣಿಕೆ ಇರಲಿಲ್ಲ ಬಿಡಿ. 1912ರಲ್ಲಿ ಮೇಸನ್ ಮಾಂಟೆಸ್ಸರಿ ಪದ್ಧತಿಯನ್ನು ಟೀಕಿಸಿ ಲಂಡನ್ನಿನ ಪತ್ರಿಕೆಗೆ ಬರೆದಿದ್ದರು.

ಆದರೆ ಮಕ್ಕಳ ವಯಸ್ಸು ನಿಮ್ಮ ಪರವಾಗಿದೆ. 1907ರಲ್ಲಿ ರೋಮಿನಲ್ಲಿ ಮಾಂಟೆಸ್ಸರಿ ತೆರೆದ ‘ಮಕ್ಕಳ ಮನೆ’ ಇನ್ನೂ ಶಾಲೆಗೆ ಹೋಗದ ಪುಟಾಣಿಗಳದ್ದು. ಮೇಸನ್ನರಾದರೋ ಆರು ತುಂಬುವ ತನಕ ಪಾಠವೇ ಬೇಡ ಎಂದವರು. ಹಾಗಾಗಿ ಆ ಕೋಣೆ ಮಗನದ್ದಾಗಲಿ. ನೀರು ಸುರಿಯುವುದು, ಗುಂಡಿ ಹಾಕುವುದು, ಬಟಾಣಿ ಬಿಡಿಸುವುದು ಅವನಿಗೆ ಸಾಕು. ಅದಕ್ಕೆ ಯೋಜನೆ ಬರೆಯಬೇಕಾಗಿಲ್ಲ. ಮಗಳು ಮೇಸನ್ ದಾರಿಯಲ್ಲಿ ಹೋಗಲಿ, ಲೆಕ್ಕ ಒಂದನ್ನು ಬಿಟ್ಟು.

ಲೆಕ್ಕಕ್ಕೆ ಮಾಂಟೆಸ್ಸರಿ ಮಣಿಗಳೇ ಇರಲಿ ಅನ್ನುತ್ತೇನೆ. ಬಿಡಿ ಮಣಿ ಒಂದು, ಹತ್ತರದ್ದೊಂದು ಕಡ್ಡಿ, ನೂರರದ್ದೊಂದು ಚೌಕ, ಸಾವಿರದ್ದೊಂದು ಘನ. ಹತ್ತು ಬಿಡಿ ಮಣಿ ಕೊಟ್ಟು ಒಂದು ಕಡ್ಡಿ ಪಡೆದ ಮಗುವಿಗೆ ಕೂಡುವ ಲೆಕ್ಕದಲ್ಲಿ ‘ದಶಕ’ ಯಾಕೆ ಮುಂದಿನ ಮನೆಗೆ ಹೋಗುತ್ತದೆ ಎಂದು ವಿವರಿಸಬೇಕಾಗುವುದಿಲ್ಲ. ಹೊಸ ಸೆಟ್ಟಿಗೆ ದುಡ್ಡು ಹಾಕಬೇಡಿ. ಹುಣಸೆಬೀಜ, ರಬ್ಬರ್‌ಬ್ಯಾಂಡ್ ಸುತ್ತಿದ ಐಸ್‌ಕ್ರೀಮ್ ಕಡ್ಡಿ ಇದ್ದರೂ ನಡೆಯುತ್ತದೆ. ಮುಖ್ಯವಾದದ್ದು ಹೊತ್ತು. ಬೆಳಿಗ್ಗೆ ಮೊದಲು ಮೇಸನ್‌ರ ಸಣ್ಣ ಪಾಠಗಳು ಮುಗಿಯಲಿ, ಮಣಿ ಕೊನೆಗೆ ಬರಲಿ. ಅವಳು ಊಟದ ತನಕ ಕೂತರೂ ಎಬ್ಬಿಸುವ ಕೆಲಸ ನಿಮಗಿರುವುದಿಲ್ಲ.

ಮೇಸನ್‌ರ ಭಾಷಾ ಪಾಠದಲ್ಲಿ ತಯಾರಿ ಬಹಳ ಕಡಿಮೆ. ಒಳ್ಳೆಯ ಪುಸ್ತಕದ ಒಂದು ಭಾಗವನ್ನು ಒಂದೇ ಸಲ ಓದಬೇಕು, ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ನಡುವೆ ತಿದ್ದಬಾರದು, ಆಮೇಲೆ ಪ್ರಶ್ನೆಗಳ ಮಳೆ ಸುರಿಸಬಾರದು. ಅದರ ಮೇಲೊಂದು ವರ್ಕ್‌ಶೀಟ್ ಇಟ್ಟರೆ ಮಗುವಿಗೆ ಅದೇ ಕೆಲಸ ಎರಡು ಸಲ. ಬರೆಸುವುದನ್ನು ಅವಳಿಗೆ ಹತ್ತು ವರ್ಷವಾಗುವ ಹೊತ್ತಿಗೆ ನೋಡಿಕೊಂಡರಾಯಿತು. ಈ ಪಾಠಕ್ಕೆ ನೀವೇ ಬೇಕೆಂದೂ ಇಲ್ಲ. ಅತ್ತೆಯವರು ತಮ್ಮ ಊರಿನ ಕಥೆ ಹೇಳಲಿ, ಸಂಜೆ ಮಗಳು ಅದನ್ನು ಅಪ್ಪನಿಗೆ ಒಪ್ಪಿಸಲಿ.

ವಾರಕ್ಕೊಮ್ಮೆ ಇಬ್ಬರನ್ನೂ ಕುಕ್ಕರಹಳ್ಳಿ ಕೆರೆಗೆ ಕರೆದೊಯ್ಯಿರಿ. ಹೆಜ್ಜಾರ್ಲೆ ಕಂಡರೆ ಮಗಳು ತನ್ನ ಪುಸ್ತಕದಲ್ಲಿ ಅದರ ಚಿತ್ರ ಬರೆದು ತಾರೀಖು ಹಾಕಲಿ. ಮಗ ಕಲ್ಲು ಆರಿಸಿದರೆ ಆರಿಸಲಿ. ಇದು ಮೇಸನ್‌ರದ್ದೋ ಮಾಂಟೆಸ್ಸರಿಯದ್ದೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲೇ ಉಳಿದಿದ್ದ ಮಾಂಟೆಸ್ಸರಿ ಕೂಡ ಕೊಡೈಕೆನಾಲಿನಲ್ಲಿ ಗಿಡಮರ, ಪ್ರಾಣಿಗಳನ್ನೇ ಪಾಠವಾಗಿಸಿದ್ದರು.

ಒಂದು ತಿಂಗಳು ಹೀಗೇ ನಡೆಸಿ. ಅಷ್ಟರಲ್ಲಿ ಹೊಸ ಸಾಮಗ್ರಿ, ಹೊಸ ಪುಸ್ತಕಪಟ್ಟಿ ಯಾವುದೂ ಮನೆಗೆ ಬರುವುದು ಬೇಡ.

ಅತ್ತೆಯವರ ಮಾತಿನಲ್ಲಿ ಅರ್ಧ, ನಿಮ್ಮ ಸುಸ್ತು ನೋಡಲಾಗದೆ ಬಂದದ್ದಿರಬೇಕು. ರಾತ್ರಿ ಬೇಗ ಮಲಗಿದರೆ ಅದು ತಾನಾಗಿ ತಗ್ಗುತ್ತದೆ. ಉಳಿದರ್ಧ ‘ಮುಂದೆ ಪರೀಕ್ಷೆಗೆ ಏನು ಗತಿ’ ಎಂಬ ಚಿಂತೆಯಾಗಿದ್ದರೆ ಹೀಗೆ ಹೇಳಿ: ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್ ಇದೆ, 14 ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ನಿಮ್ಮ ಮಗಳಿಗೆ ಇನ್ನೂ ಏಳು ವರ್ಷವಿದೆ.