ನೀರು ತುಂಬಿದ ಹಂಡೆ

ಮನುಷ್ಯನು ಮೊದಲು ನೀರಿನ ಬಳಿ ವಾಸಿಸಲು ಕಲಿತನು. ಆಮೇಲೆ ನೀರನ್ನು ತನ್ನ ಬಳಿ ಇರಿಸಿಕೊಳ್ಳಲು ಕಲಿತನು. ಮೊದಲನೆಯದರಿಂದ ಊರುಗಳು ಹುಟ್ಟಿದವು. ಎರಡನೆಯದರಿಂದ ಪಾತ್ರೆಗಳು ಹುಟ್ಟಿದವು. ಊರುಗಳ ಚರಿತ್ರೆಯನ್ನು ನಾವು ಓದುತ್ತೇವೆ. ಪಾತ್ರೆಗಳ ಚರಿತ್ರೆಯನ್ನು ಕೇಳುವವರು ಕಡಿಮೆ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರುಗಳ ಸೀಮೆ ಕೆರೆಬಾವಿಗಳನ್ನು ನಂಬಿ ಬದುಕಿದ ನಾಡು. ಹಿರೇಕೆರೂರು ತನ್ನ ಹೆಸರಿನಲ್ಲಿಯೇ ಹಿರಿಯ ಕೆರೆಯೊಂದನ್ನು ಹೊತ್ತಿದೆ. ನಲ್ಲಿಗಳು ಬರುವ ಮೊದಲು ಕೆರೆಯ ನೀರು, ಬಾವಿಯ ನೀರು ಕೊಡದಲ್ಲಿ ಮನೆಗೆ ಬಂದು, ಹಂಡೆಯಲ್ಲಿ ನೆಲಸಬೇಕಾಗಿತ್ತು. ಕೆರೆಯನ್ನು ಕಟ್ಟಿಸಿದ ಅರಸನ ಹೆಸರನ್ನು ಶಾಸನವು ಹೇಳುತ್ತದೆ. ಹಂಡೆಯನ್ನು ಬಡಿದು ಮಾಡಿದವನ ಹೆಸರನ್ನು ಯಾರೂ ಹೇಳುವುದಿಲ್ಲ.

ಈ ಸೀಮೆಯ ಹಳೆಯ ಮನೆಗಳ ಬಚ್ಚಲಿನಲ್ಲಿ ಒಲೆಯ ಮೇಲೆ ಕುಳಿತಿರುತ್ತಿದ್ದ ತಾಮ್ರದ ಹಂಡೆಯು ಕೇವಲ ನೀರು ಕಾಯಿಸುವ ಸಾಧನವಾಗಿರಲಿಲ್ಲ. ದೀಪಾವಳಿಯ ಆರಂಭದಲ್ಲಿ ಬರುವ ‘ನೀರು ತುಂಬುವ ಹಬ್ಬ’ದಂದು ಮನೆಯವರು ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಾರೆ, ಬಳ್ಳಿಯನ್ನು ಸುತ್ತಿ, ಕುಂಕುಮವನ್ನು ಹಚ್ಚಿ, ಹೊಸ ನೀರನ್ನು ತುಂಬಿ ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಆ ನೀರಿನಿಂದಲೇ ಅಭ್ಯಂಜನ. ವರ್ಷವಿಡೀ ಮಸಿ ಹಿಡಿದು ಮೂಲೆಯಲ್ಲಿದ್ದ ಪಾತ್ರೆಗೆ ಅಂದು ಗಂಗೆಯ ಸ್ಥಾನ ದೊರೆಯುತ್ತದೆ.

ಈ ಹಂಡೆಯ ಆಕಾರವನ್ನು ಕಂಚುಗಾರನಿಗೆ ಕಲಿಸಿದವನು ಕುಂಬಾರ. ಹಿರೇಕೆರೂರಿನ ಸೀಮೆಯವನೆಂದು ಹೇಳಲಾಗುವ ಸರ್ವಜ್ಞನನ್ನು ಐತಿಹ್ಯವು ಕುಂಬಾರರ ಮನೆಗೆ ಸೇರಿಸುತ್ತದೆ. ಮಣ್ಣಿನ ಗಡಿಗೆಯ ದುಂಡು ಹೊಟ್ಟೆ, ಕಿರಿದಾದ ಕೊರಳು, ಹೊರಕ್ಕೆ ಬಾಗಿದ ಅಂಚು—ಇವೆಲ್ಲವೂ ಲೋಹದ ಹಂಡೆಗೆ ಬಂದುವು. ಇದು ಬರಿಯ ಅಲಂಕಾರವಲ್ಲ. ಕಡಿಮೆ ಲೋಹದಲ್ಲಿ ಹೆಚ್ಚು ನೀರು ಹಿಡಿಯಬೇಕಾದರೆ ಚೆಂಡಿನಂತಹ ಆಕಾರವೇ ಮೇಲು. ಬಾಯಿ ಚಿಕ್ಕದಾಗಿದ್ದರೆ ಹಬೆ ಹೊರಗೆ ಹೋಗುವುದು ಕಡಿಮೆ, ಕಟ್ಟಿಗೆಯೂ ಉಳಿಯುತ್ತದೆ. ಮೇಲಾಗಿ ತಾಮ್ರವು ಶಾಖವನ್ನು ಬೇಗ ಹರಡುವ ಲೋಹ. ಹಂಡೆಯ ಅಡಿಯಲ್ಲಿ ಹತ್ತಿದ ಉರಿ ಬೇಗನೆ ಇಡೀ ನೀರನ್ನು ಮುಟ್ಟುತ್ತದೆ.

ಇಂತಹ ಹಂಡೆಯನ್ನು ಮಾಡುವ ಬಗೆಯನ್ನು ನೋಡೋಣ. ಕುಶಲಕರ್ಮಿಯು ತಾಮ್ರದ ತಗಡನ್ನು ದುಂಡಗೆ ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದಲೂ ಸುತ್ತಿಗೆಯಿಂದಲೂ ಬಡಿಯುತ್ತಾ ಬಾಗಿಸುತ್ತಾನೆ. ತಣ್ಣನೆಯ ತಾಮ್ರವನ್ನು ಬಡಿದಷ್ಟೂ ಅದು ಗಡುಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ಆ ಹಂತಕ್ಕೆ ಮುಂಚೆಯೇ ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಬೇಕು. ಕಾದು ಆರಿದ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಕಾಯಿಸಿ ನೀರಿನಲ್ಲಿ ಅದ್ದಿದರೆ ಗಡುಸಾಗುತ್ತದೆ; ತಾಮ್ರವು ಹಾಗಲ್ಲ, ಅದ್ದಿದರೂ ಮೃದುವಾಗಿಯೇ ಇರುತ್ತದೆ. ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು—ಹೀಗೆ ಹಲವು ಸಲ ನಡೆದ ಮೇಲೆ ಚಪ್ಪಟೆಯ ತಗಡು ದುಂಡಗಿನ ಹೊಟ್ಟೆಯಾಗುತ್ತದೆ. ಯಾವ ಗಳಿಗೆಯಲ್ಲಿ ನಿಲ್ಲಿಸಬೇಕೆಂಬುದನ್ನು ಸುತ್ತಿಗೆಯ ಸದ್ದೇ ಅವನಿಗೆ ತಿಳಿಸುತ್ತದೆ.

ದೊಡ್ಡ ಹಂಡೆಯು ಒಂದೇ ತಗಡಿನಿಂದ ಆಗುವುದಿಲ್ಲ. ಅಡಿಭಾಗ, ಹೊಟ್ಟೆ, ಕೊರಳು ಇವುಗಳನ್ನು ಬೇರೆ ಬೇರೆಯಾಗಿ ಮಾಡಿ ಕೂಡಿಸಬೇಕು. ಇಲ್ಲಿಯೇ ಆ ಕಸುಬಿನ ನಿಜವಾದ ಪರೀಕ್ಷೆ. ಒಂದು ಭಾಗದ ಅಂಚಿನಲ್ಲಿ ಹಲ್ಲುಗಳಂತೆ ಕಚ್ಚುಗಳನ್ನು ಕತ್ತರಿಸಿ, ಅವುಗಳನ್ನು ಒಂದು ಬಿಟ್ಟು ಒಂದರಂತೆ ಇನ್ನೊಂದು ಭಾಗದ ಒಳಗೂ ಹೊರಗೂ ಕೂರಿಸುತ್ತಾರೆ. ಸಂದಿಗೆ ಹಿತ್ತಾಳೆಯ ಪುಡಿಯನ್ನೂ ಬಿಳಿಗಾರವನ್ನೂ ಹಾಕಿ ಬೆಂಕಿಗೆ ಹಿಡಿಯುತ್ತಾರೆ. ತಾಮ್ರವು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಹಿತ್ತಾಳೆಯು ಅದಕ್ಕಿಂತ ಕಡಿಮೆ ಶಾಖದಲ್ಲಿ ಕರಗುತ್ತದೆ. ಹಿತ್ತಾಳೆ ಕರಗಿ ಸಂದಿಗೆ ಇಳಿಯಬೇಕು, ಆದರೆ ತಾಮ್ರ ಕರಗಬಾರದು. ಈ ಕಿರಿದಾದ ಅಂತರದಲ್ಲಿ ಕೆಲಸ ಮುಗಿಯಬೇಕು. ಶಾಖವನ್ನು ಅಳೆಯುವ ಯಾವ ಯಂತ್ರವೂ ಅವನ ಬಳಿ ಇರಲಿಲ್ಲ. ಉರಿಯ ಬಣ್ಣವನ್ನು ನೋಡಿ ಶಾಖವನ್ನು ತಿಳಿಯುವ ಕಣ್ಣು ಮಾತ್ರ ಇತ್ತು. 60 ಲೀಟರು ನೀರು ತುಂಬಿದ ಹಂಡೆಯಲ್ಲಿ 60 ಕಿಲೋಗ್ರಾಂ ಭಾರವಿರುತ್ತದೆ. ಅದು ದಿನವೂ ಬೆಂಕಿಯ ಮೇಲೆ ಕುಳಿತು, ತಲೆಮಾರುಗಳ ಕಾಲ ಒಂದು ಹನಿಯನ್ನೂ ಸೋರಗೊಡದಿದ್ದರೆ, ಆ ಬೆಸುಗೆಯ ಹಿಂದಿನ ಜ್ಞಾನವು ಅಲ್ಪವಾದುದಲ್ಲ.

ಸ್ನಾನದ ಹಂಡೆಗೆ ಇಷ್ಟು ಸಾಕು. ಅಡುಗೆಯ ಪಾತ್ರೆಗಾದರೆ ಇನ್ನೊಂದು ಸಂಸ್ಕಾರ ಬೇಕು. ಹುಳಿ ಪದಾರ್ಥವು ತಾಮ್ರದೊಡನೆ ಬೆರೆತರೆ ಕಿಲುಬು ಹುಟ್ಟಿ ಆಹಾರವು ಕೆಡುತ್ತದೆ. ಆದ್ದರಿಂದ ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಎರಚಿ, ತವರವನ್ನು ತಾಗಿಸಿ, ಅರಳೆಯಿಂದ ಒಳಗೆಲ್ಲ ಒರಸುತ್ತಾರೆ. ತವರವು 232 ಡಿಗ್ರಿಯಲ್ಲಿಯೇ ಕರಗುವುದರಿಂದ ಕ್ಷಣದಲ್ಲಿ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತದೆ. ಇದಕ್ಕೆ ಕಲಾಯಿ ಎಂದು ಹೆಸರು. ಈ ಮಾತು ಅರಬ್ಬಿಯಿಂದ ಬಂದುದು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನಂತಹ ಊರುಗಳಲ್ಲಿ ಔತಣದ ತಾಮ್ರದ ದೇಗಿಗೂ ಮಠದ ದಾಸೋಹದ ಕೊಪ್ಪರಿಗೆಗೂ ಬೇಕಾದುದು ಈ ಒಂದೇ ಕಲಾಯಿ. ಕಸುಬಿಗೆ ಮತಭೇದವಿಲ್ಲ.

ಬಡಿದು ಮಾಡುವುದು ಒಂದು ದಾರಿಯಾದರೆ, ಎರಕ ಹೊಯ್ಯುವುದು ಇನ್ನೊಂದು ದಾರಿ. ತಾಮ್ರಕ್ಕೆ ತವರ ಬೆರೆತರೆ ಕಂಚು. ಸತು ಬೆರೆತರೆ ಹಿತ್ತಾಳೆ. ಕಂಚು ತಾಮ್ರಕ್ಕಿಂತ ಕಡಿಮೆ ಶಾಖದಲ್ಲಿ ಕರಗಿ, ಅಚ್ಚಿನೊಳಗೆ ಚೆನ್ನಾಗಿ ಹರಿಯುತ್ತದೆ. ಈ ಎರಕದ ವಿದ್ಯೆಯನ್ನು ಗ್ರಂಥಸ್ಥಗೊಳಿಸಿದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಅಂದು ಪಾನುಂಗಲ್ಲು ಎನಿಸಿದ್ದ ಹಾನಗಲ್ಲಿನಲ್ಲಿ ಆಳುತ್ತಿದ್ದ ಕದಂಬರು ಆ ಚಾಲುಕ್ಯರ ಸಾಮಂತರು. ಹನ್ನೆರಡನೆಯ ಶತಮಾನದಲ್ಲಿ ಅವನು ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಲೋಹವಿಗ್ರಹಗಳ ನಿರ್ಮಾಣದ ಕ್ರಮವಿದೆ. ಮೊದಲು ಮೇಣದಲ್ಲಿ ರೂಪವನ್ನು ತಿದ್ದಬೇಕು. ಅದರ ಮೇಲೆ ನುಣ್ಣನೆಯ ಮಣ್ಣನ್ನು ಪದರಪದರವಾಗಿ ಲೇಪಿಸಿ ಒಣಗಿಸಬೇಕು. ಬಳಿಕ ಕಾಯಿಸಿದರೆ ಮೇಣವು ಕರಗಿ ಹೊರಗೆ ಹರಿಯುತ್ತದೆ. ಉಳಿದ ಟೊಳ್ಳಿನೊಳಗೆ ಕರಗಿದ ಲೋಹವನ್ನು ಹೊಯ್ಯಬೇಕು. ತಣಿದ ಮೇಲೆ ಮಣ್ಣನ್ನು ಒಡೆದರೆ ಲೋಹದ ರೂಪವು ಕಾಣಿಸುತ್ತದೆ.

ಎಷ್ಟು ಲೋಹ ಬೇಕೆಂದು ತಿಳಿಯುವುದು ಹೇಗೆ? ಮೊದಲೇ ಮೇಣವನ್ನು ತೂಗಿಟ್ಟುಕೊಳ್ಳಬೇಕು. ತಾಮ್ರ ಹಿತ್ತಾಳೆಗಳಾದರೆ ಮೇಣದ ತೂಕದ ಎಂಟು ಹತ್ತು ಪಟ್ಟು, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಎಂಬ ಲೆಕ್ಕವನ್ನು ಆ ಗ್ರಂಥವು ಕೊಡುತ್ತದೆ. ಒಂದೇ ಗಾತ್ರದ ಬೇರೆ ಬೇರೆ ಲೋಹಗಳಿಗೆ ಬೇರೆ ಬೇರೆ ತೂಕವೆಂಬ ಇಂದಿನ ವಿಜ್ಞಾನಪಾಠವನ್ನು ಎರಕದವರು ಅಂದೇ ತಕ್ಕಡಿಯಲ್ಲಿ ಕಂಡುಕೊಂಡಿದ್ದರು.

ಮೇಣದಿಂದ ಎರಕ ಹೊಯ್ಯುವ ಈ ವಿದ್ಯೆ ನಮ್ಮೊಬ್ಬರ ಸ್ವತ್ತಲ್ಲ. ದೂರದ ಜಪಾನಿನಲ್ಲಿಯೂ ಅದು ಬೆಳೆಯಿತು. ಅಲ್ಲಿನ ನಾರಾ ನಗರದಲ್ಲಿ ಎರಕ ಹೊಯ್ದ ಬುದ್ಧನ ಮಹಾವಿಗ್ರಹಕ್ಕೆ ಕ್ರಿ.ಶ. 752ರಲ್ಲಿ ಕಣ್ಣು ತೆರೆಸುವ ವಿಧಿಯನ್ನು ನಡೆಸಿದವನು ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು. ಕಂಚಿನ ಕಲೆಯಲ್ಲಿ ಎರಡು ನಾಡುಗಳು ಅಂದೇ ಮುಖಾಮುಖಿಯಾಗಿದ್ದವು.

ಜಪಾನೀಯರು ನೀರಿನ ಪಾತ್ರೆಗೂ ಇದೇ ಕಲೆಯನ್ನು ಧಾರೆಯೆರೆದರು. ದೇಗುಲಕ್ಕೆ ಅಥವಾ ಚಹಾಗೃಹಕ್ಕೆ ಬಂದವರು ಕೈ ಬಾಯಿ ತೊಳೆದು ಒಳಗೆ ಹೋಗಲೆಂದು ದ್ವಾರದ ಬಳಿ ನೀರಿನ ಪಾತ್ರೆಯನ್ನಿಡುವುದು ಅಲ್ಲಿನ ಪದ್ಧತಿ. ಬಂದವರ ಕಾಲಿಗೆ ತಂಬಿಗೆಯಲ್ಲಿ ನೀರು ಕೊಡುವ ನಮ್ಮ ಪದ್ಧತಿಗೆ ಇದು ಸೋದರನಂತಿದೆ. ಆ ಪಾತ್ರೆಗಳಲ್ಲಿ ಕಲ್ಲಿನವೇ ಹೆಚ್ಚು; ಕಂಚಿನವೂ ಉಂಟು. ಕಂಚಿನ ಪಾತ್ರೆಗಳ ಮೈಮೇಲೆ ಅಲೆ, ಆಮೆ, ಕಮಲದ ಎಲೆಗಳು ಎರಕದಲ್ಲಿಯೇ ಮೂಡಿರುತ್ತವೆ. 1876ರಲ್ಲಿ ಅಲ್ಲಿನ ಸರಕಾರವು ಜನರು ಖಡ್ಗವನ್ನು ಧರಿಸಿ ತಿರುಗುವುದನ್ನು ನಿಷೇಧಿಸಿತು. ಆಗ ಖಡ್ಗದ ಹಿಡಿಗಳನ್ನು ಅಲಂಕರಿಸುತ್ತಿದ್ದ ಕುಶಲಿಗಳಲ್ಲಿ ಹಲವರು ಹೂದಾನಿ, ನೀರಿನ ಪಾತ್ರೆಗಳ ಕಡೆಗೆ ತಿರುಗಿದರು. ಅವರ ಕೃತಿಗಳು ಲೋಕದ ವಸ್ತುಪ್ರದರ್ಶನಗಳಿಗೆ ಹೋದವು.

ಎರಡು ನಾಡುಗಳ ರುಚಿಯಲ್ಲಿ ಒಂದು ಭೇದವಿದೆ. ಜಪಾನಿನ ಕುಶಲಿಯು ಮೂಲಂಗಿಯ ತುರಿಯಿಂದ ಲೋಹವನ್ನು ಉಜ್ಜಿ, ತಾಮ್ರದ ಕಿಲುಬನ್ನು ಬೆರೆಸಿದ ದ್ರವದಲ್ಲಿ ಕುದಿಸಿ ಅದಕ್ಕೆ ಗಾಢವಾದ ಬಣ್ಣವನ್ನು ತರುತ್ತಾನೆ. ನಮ್ಮ ಗೃಹಿಣಿಯು ಹುಣಸೆಹಣ್ಣಿನಿಂದ ಉಜ್ಜಿ ಕಿಲುಬನ್ನು ಕಳೆದು ಹೊಳಪನ್ನು ತರುತ್ತಾಳೆ. ಅವರಿಗೆ ಕಾಲವು ಲೋಹದ ಮೇಲೆ ಬರೆದ ಕಪ್ಪು ಚೆಲುವು. ನಮಗೆ ದಿನದಿನವೂ ಹೊಸದಾಗುವ ಬೆಳಕು ಚೆಲುವು. ಎರಡೂ ಚೆಲುವೇ.

ಆದರೆ ಇನ್ನೊಂದು ಭೇದವು ನಮ್ಮನ್ನು ಚಿಂತೆಗೆ ಹಚ್ಚಬೇಕು. 1611ರಲ್ಲಿ ಮಾಯೆದಾ ತೊಶಿನಾಗಾ ಎಂಬ ಪಾಳೆಯಗಾರನು ಏಳು ಮಂದಿ ಎರಕದವರನ್ನು ಕರೆಸಿ ತಕಾಓಕಾ ಎಂಬ ಊರಿನಲ್ಲಿ ನೆಲೆಗೊಳಿಸಿದನು. ಆ ಕಸುಬು ಇಂದಿಗೂ ಅಲ್ಲಿ ಬಾಳುತ್ತಿದೆ; 1975ರಲ್ಲಿ ಜಪಾನ್ ಸರಕಾರವು ಅದನ್ನು ಸಾಂಪ್ರದಾಯಿಕ ಕಲೆಯೆಂದು ಮಾನ್ಯಮಾಡಿತು. ಅಲ್ಲಿನ ಅನೇಕ ಹಳೆಯ ಪಾತ್ರೆಗಳ ಅಡಿಯಲ್ಲಿ ಮಾಡಿದವನ ಹೆಸರಿರುತ್ತದೆ. ಹೆಸರನ್ನು ಕೆತ್ತುವ ಸಂಪ್ರದಾಯ ನಮಗೂ ಹೊಸದಲ್ಲ. ಹಿರೇಕೆರೂರಿಗೆ ದೂರವಲ್ಲದ ಬಳ್ಳಿಗಾವಿಯಿಂದ ಬೇಲೂರಿಗೆ ಹೋದ ದಾಸೋಜನು ತಾನು ಕಡೆದ ಶಿಲ್ಪದ ಕೆಳಗೆ ತನ್ನ ಹೆಸರನ್ನು ಕೆತ್ತಿದನು. ಸುಮಾರು ಒಂಬತ್ತು ಶತಮಾನಗಳಾಚೆಯಿಂದ ಅವನು ನಮ್ಮೊಡನೆ ಮಾತನಾಡುತ್ತಿದ್ದಾನೆ. ನಮ್ಮ ಹಂಡೆ ತಂಬಿಗೆಗಳ ಮೇಲೆಯೂ ಚುಕ್ಕೆಯ ಅಕ್ಷರಗಳಲ್ಲಿ ಹೆಸರುಗಳುಂಟು. ಆದರೆ ಅವು ಕೊಂಡವರ ಹೆಸರು, ಇಲ್ಲವೆ ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು. ಮಾಡಿದವನ ಗುರುತು ಕಚ್ಚುಬೆಸುಗೆಯ ಗೆರೆ ಹಾಗೂ ಸುತ್ತಿಗೆಯ ಪೆಟ್ಟಿನ ಸಾಲು ಮಾತ್ರ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಂತಹ ಸ್ಥಳನಾಮಗಳಲ್ಲಿ ಆ ಜನರ ನೆನಪು ಉಳಿದಿದೆ.

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೆ ನೆಲದಲ್ಲಿ ಹೊನ್ನಿನ ನಿಧಿ ದೊರೆಯಿತೆಂದು ಐತಿಹ್ಯ. ಅವರು ಆ ಹೊನ್ನಿಗಿಂತ ಹಿರಿದಾದುದನ್ನು ಅರಸಿ ಹೋದರು. ನಮ್ಮ ಮನೆಗಳಲ್ಲಿದ್ದ ನಿಧಿಯನ್ನಾದರೋ ನಾವು ತೂಕದ ಲೆಕ್ಕದಲ್ಲಿ ಮಾರಿದೆವು. ಅಲ್ಯುಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಬಂದ ಮೇಲೆ ತಾಮ್ರದ ಹಂಡೆಗಳು ಗುಜರಿಯ ತಕ್ಕಡಿಯನ್ನು ಏರಿದವು. ಹೊಸ ಪಾತ್ರೆಗಳು ಅಗ್ಗ, ಹಗುರ, ಕೊಂಡವರನ್ನು ದೂರುವಂತಿಲ್ಲ. ಆದರೆ ತಕ್ಕಡಿಯು ತಾಮ್ರಕ್ಕೆ ಮಾತ್ರ ಬೆಲೆ ಕಟ್ಟಿತು. ಅದರಲ್ಲಿ ಅಡಗಿದ್ದ ವಿದ್ಯೆಗೆ ಕಟ್ಟಲಿಲ್ಲ. ಕರಗಿದ ತಾಮ್ರ ಮತ್ತೆ ತಾಮ್ರವಾಗಿ ದೊರೆತೀತು. ತಂದೆಯಿಂದ ಮಗ ಕಲಿಯದೆ ಹೋದ ವಿದ್ಯೆ ಮತ್ತೆ ದೊರೆಯದು.

ಈ ನಷ್ಟವು ಅನಿವಾರ್ಯವಲ್ಲ. ಪಂಜಾಬಿನ ಜಂಡಿಯಾಲಾ ಗುರು ಎಂಬ ಊರಿನ ಠಠೇರರು ತಾಮ್ರ ಹಿತ್ತಾಳೆಗಳನ್ನು ಬಡಿದು ಪಾತ್ರೆ ಮಾಡುವ ಕಸುಬನ್ನು 2014ರಲ್ಲಿ ಯುನೆಸ್ಕೊ ಸಂಸ್ಥೆಯು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2012ರಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಟ್ಟ ನೀರಿನಲ್ಲಿ ಭೇದಿಯನ್ನು ತರುವ ರೋಗಾಣುಗಳು ನಾಶವಾದುದು ಕಂಡುಬಂದಿತು. ಹಿರಿಯರ ರೂಢಿಗೆ ವಿಜ್ಞಾನದ ಸಾಕ್ಷ್ಯವೂ ದೊರೆಯಿತು.

ನಿಮ್ಮ ಮನೆಯ ಅಟ್ಟದ ಮೇಲೋ ಹಿತ್ತಲಿನ ಮೂಲೆಯಲ್ಲೋ ಹಳೆಯ ಹಂಡೆಯೊಂದು ಇರಬಹುದು. ಅದರ ಸುತ್ತ ಹಲ್ಲುಹಲ್ಲಾಗಿ ಹರಿದ ಬೆಸುಗೆಯ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಯಾವ ಊರಿನಿಂದ ಬಂದಿತು, ಯಾರು ತಂದರು, ಯಾರು ಮಾಡಿದರು ಎಂದು ಅಜ್ಜಿಯನ್ನು ಕೇಳಿರಿ. ಅವರು ಹೇಳಿದುದನ್ನು ಬರೆದಿಡಿರಿ. ಮಾಡಿದವನ ಹೆಸರು ತಿಳಿದರೆ ಅದನ್ನು ಮೊದಲು ಬರೆಯಿರಿ. ನೀರನ್ನು ಹಿಡಿದಿಟ್ಟ ಕೈಗಳಿಗೆ ನಾವು ಸಲ್ಲಿಸಬಹುದಾದ ಋಣವು ಅಲ್ಲಿಂದ ಆರಂಭವಾಗುತ್ತದೆ.

ಅಭ್ಯಾಸ

1. ಹಂಡೆಯ ದುಂಡು ಹೊಟ್ಟೆ ಮತ್ತು ಕಿರಿದಾದ ಬಾಯಿಗಳಿಂದ ಆಗುವ ಪ್ರಯೋಜನಗಳೇನು?
2. ತಾಮ್ರವನ್ನು ಬಡಿಯುವಾಗ ನಡುನಡುವೆ ಏಕೆ ಕಾಯಿಸಬೇಕು?
3. ಮೇಣದ ತೂಕದಿಂದ ಲೋಹದ ತೂಕವನ್ನು ನಿರ್ಣಯಿಸುವ ಬಗೆಯನ್ನು ವಿವರಿಸಿರಿ.
4. ಲೋಹದ ಚೆಲುವಿನ ವಿಷಯದಲ್ಲಿ ಜಪಾನೀಯರ ರುಚಿಗೂ ನಮ್ಮ ರುಚಿಗೂ ಇರುವ ಭೇದವೇನು?
5. ‘ತಕ್ಕಡಿಯು ತಾಮ್ರಕ್ಕೆ ಮಾತ್ರ ಬೆಲೆ ಕಟ್ಟಿತು’—ಈ ಮಾತಿನ ಅರ್ಥವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
6. ನಿಮ್ಮ ಊರಿನ ಒಂದು ಹಳೆಯ ಪಾತ್ರೆಯ ಚಿತ್ರವನ್ನು ಬರೆದು, ಅದರ ಬಗೆಗೆ ಹತ್ತು ವಾಕ್ಯಗಳನ್ನು ರಚಿಸಿರಿ.