ಬಾಯ್ಲರ್ ಖರೀದಿ: ದರಪಟ್ಟಿಯಲ್ಲಿ ಕಾಣದ ಲೆಕ್ಕ

ಬ್ರಹ್ಮಾವರ, ಕುಂದಾಪುರ, ಬೈಂದೂರು ಪ್ರದೇಶದ ಸಣ್ಣ ಕೈಗಾರಿಕೆಗಳಲ್ಲಿ ಕುಚ್ಚಲಕ್ಕಿ ಗಿರಣಿಗಳಿಗೂ ಗೇರುಬೀಜ ಕಾರ್ಖಾನೆಗಳಿಗೂ ಪ್ರಮುಖ ಸ್ಥಾನವಿದೆ. ಭತ್ತ ಬೇಯುವುದು ಹಬೆಯಲ್ಲಿ. ಗೇರುಬೀಜ ಒಡೆಯುವ ಹದಕ್ಕೆ ಬರುವುದೂ ಹಬೆಯಲ್ಲಿಯೇ. ಹೀಗಿದ್ದರೂ ಬಾಯ್ಲರ್ ಕೊಳ್ಳುವಾಗ ಮೂರು ದರಪಟ್ಟಿ ತರಿಸಿ, ಕಡಿಮೆ ಬೆಲೆಯದನ್ನು ಆರಿಸುವುದೇ ರೂಢಿಯಾಗಿದೆ. ಬಾಯ್ಲರಿನ ಬೆಲೆಯನ್ನು ಒಮ್ಮೆ ತೆತ್ತರೆ ಮುಗಿಯಿತು. ಅದು ತಿನ್ನುವ ಸೌದೆಯ ಬೆಲೆಯನ್ನು ಪ್ರತಿದಿನವೂ ತೆರಬೇಕು. ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ‘ಬಾಯ್ಲರಿಗೆ ಎಷ್ಟು?’ ಎಂಬುದಲ್ಲ, ‘ಒಂದು ಟನ್ ಹಬೆಗೆ ಎಷ್ಟು?’ ಎಂಬುದು.

ಸಾಮರ್ಥ್ಯದ ಅಳತೆ

ಮನೆಯ ಬಚ್ಚಲಿನ ಹಂಡೆಯಲ್ಲಿ ನಾವು ನೀರನ್ನು ಬಿಸಿ ಮಾಡುತ್ತೇವೆ, ಬಾಯ್ಲರಿನಲ್ಲಿ ಹಬೆಯಾಗಿಸುತ್ತೇವೆ. ಇವೆರಡರ ವ್ಯತ್ಯಾಸ ದೊಡ್ಡದು. 30 ಡಿಗ್ರಿಯ ಒಂದು ಕಿಲೋ ನೀರನ್ನು 100 ಡಿಗ್ರಿಗೆ ಏರಿಸಲು 70 ಕಿಲೋ ಕ್ಯಾಲೊರಿ ಸಾಕು. ಅದೇ ನೀರು ಹಬೆಯಾಗಲು ಮತ್ತೆ 540 ಕಿಲೋ ಕ್ಯಾಲೊರಿ ಬೇಕು. ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡದ ಹಬೆಗೆ ಒಟ್ಟು ಸುಮಾರು 630 ಕಿಲೋ ಕ್ಯಾಲೊರಿ ಆಗುತ್ತದೆ.

ಮಾರಾಟಗಾರರು ‘ಗಂಟೆಗೆ ಒಂದು ಟನ್’ ಎನ್ನುವಾಗ, ನೀರು ಮೊದಲೇ 100 ಡಿಗ್ರಿಯಲ್ಲಿದೆ ಎಂಬ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಬಾವಿಯ ತಣ್ಣೀರನ್ನು ತುಂಬಿ, ಮೇಲಿನ ಒತ್ತಡದಲ್ಲಿ ಹಬೆ ಪಡೆದರೆ ಅದೇ ಬಾಯ್ಲರ್ ಸುಮಾರು 855 ಕಿಲೋ ಹಬೆಯನ್ನಷ್ಟೇ ಕೊಡುತ್ತದೆ. ಹಾಗೆಂದು ಅಗತ್ಯಕ್ಕಿಂತ ಬಹಳ ದೊಡ್ಡದನ್ನು ಕೊಂಡರೆ ಅರ್ಧ ಉರಿಯಲ್ಲಿ ನಡೆದು ಸೌದೆ ನಷ್ಟವಾಗುತ್ತದೆ.

ಒಂದು ಉದಾಹರಣೆ

ಲೆಕ್ಕದ ಕ್ರಮವನ್ನು ತಿಳಿಯಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಗಂಟೆಗೆ 500 ಕಿಲೋ ಹಬೆ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 1,200 ಟನ್ ಹಬೆ. ಒಂದು ಕಿಲೋ ಒಣ ಸೌದೆಯ ಶಾಖ 3,500 ಕಿಲೋ ಕ್ಯಾಲೊರಿ, ದರ ಟನ್ನಿಗೆ 4,000 ರೂಪಾಯಿ ಎಂದಿರಲಿ.

ಶೇಕಡಾ 60 ದಕ್ಷತೆಯ ಬಾಯ್ಲರಿಗೆ ವರ್ಷಕ್ಕೆ 360 ಟನ್ ಸೌದೆ ಬೇಕು. ಶೇಕಡಾ 70 ದಕ್ಷತೆಯದಕ್ಕೆ ಸುಮಾರು 309 ಟನ್ ಸಾಕು. ಉಳಿತಾಯ 51 ಟನ್, ಅಂದರೆ ವರ್ಷಕ್ಕೆ 2 ಲಕ್ಷ ರೂಪಾಯಿಗೂ ಮಿಕ್ಕಿ. ಎರಡನೆಯ ಬಾಯ್ಲರಿಗೆ 5 ಲಕ್ಷ ಹೆಚ್ಚು ಕೊಟ್ಟರೂ, ಬಡ್ಡಿಯನ್ನು ಬಿಟ್ಟು ನೋಡಿದರೆ, ಎರಡೂವರೆ ವರ್ಷದಲ್ಲಿ ಆ ಹಣ ಮರಳುತ್ತದೆ. ತಮ್ಮ ಘಟಕದ ಅಂಕಿಗಳನ್ನು ಇದೇ ಕ್ರಮದಲ್ಲಿ ಹಾಕಿ ನೋಡಬಹುದು.

ಸ್ವಂತ ಉಮಿ ಪುಕ್ಕಟೆಯಲ್ಲ

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಉಮಿ. ‘ಉಮಿ ನಮ್ಮದೇ, ಇಂಧನಕ್ಕೆ ಖರ್ಚಿಲ್ಲ’ ಎಂದು ಗಿರಣಿಯವರು ಹೇಳುವುದುಂಟು. ಮಾರಿದರೆ ಬರುತ್ತಿದ್ದ ಹಣವೇ ಆ ಉಮಿಯ ವೆಚ್ಚ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಗೇರುಬೀಜದ ಸಿಪ್ಪೆಗೂ ಇದೇ ಮಾತು. ಎಣ್ಣೆ ಇರುವ ಹಸಿ ಸಿಪ್ಪೆಯನ್ನು ಉರಿಸಿದರೆ ಖಾರ ಹೊಗೆಯೆದ್ದು ನೆರೆಹೊರೆಗೆ ತೊಂದರೆ, ಕೊಳವೆಗಳಿಗೆ ಮಸಿ. ಸಿಪ್ಪೆಯನ್ನು ಎಣ್ಣೆ ತೆಗೆಯುವವರಿಗೆ ಮಾರಿ, ಎಣ್ಣೆ ತೆಗೆದ ಹಿಂಡಿಯನ್ನು ಉರಿಸುವುದು ಲಾಭವೋ ಎಂದು ಲೆಕ್ಕ ಹಾಕಿ ನೋಡಬೇಕು.

ಮಳೆ ಮತ್ತು ನೀರು

ಕರಾವಳಿಯ ಮಳೆಗಾಲ ಸೌದೆಯ ಶತ್ರು. ಶೇಕಡಾ 20 ತೇವವಿರುವ ಸೌದೆಯಲ್ಲಿ ಕಿಲೋಗೆ ಸುಮಾರು 3,400 ಕಿಲೋ ಕ್ಯಾಲೊರಿ ದೊರೆತರೆ, ಶೇಕಡಾ 40 ತೇವವಿದ್ದರೆ ಸುಮಾರು 2,400 ಮಾತ್ರ. ಮೇ ತಿಂಗಳೊಳಗೆ ಒಣ ಸೌದೆಯನ್ನು ಮಾಡಿನಡಿ ಸೇರಿಸುವ ಕೊಟ್ಟಿಗೆಯೂ ಬಾಯ್ಲರಿನ ಬಂಡವಾಳದ ಭಾಗವೇ.

ನೀರಿನ ಗಡಸುತನದಿಂದ ಕೊಳವೆಗಳ ಮೇಲೆ ಪದರ ಕಟ್ಟಿ ಶಾಖ ತಡೆಯುತ್ತದೆ. ಕೊಳವೆ ಮಿತಿಮೀರಿ ಕಾದು ಒಡೆಯಲೂಬಹುದು. ನದಿಯ ಅಳಿವೆಗೆ ಸಮೀಪದ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನ ಅಂಶವೂ ಸೇರುವುದರಿಂದ, ನೀರಿನ ಪರೀಕ್ಷೆಯಿಲ್ಲದೆ ಬಾಯ್ಲರ್ ಕೊಳ್ಳುವುದು ಉಚಿತವಲ್ಲ. ಬಳಸಿದ ಶುದ್ಧ ಹಬೆ ತಣಿದು ಬರುವ ಬಿಸಿನೀರನ್ನು ಮರಳಿ ತುಂಬಿಸಿ, 30 ಡಿಗ್ರಿಯ ಬದಲು 80 ಡಿಗ್ರಿಯ ನೀರು ಕೊಟ್ಟರೆ ಇಂಧನದಲ್ಲಿ ಶೇಕಡಾ 8ರಷ್ಟು ಉಳಿತಾಯವಿದೆ.

ಹಳೆಯ ಬಾಯ್ಲರ್, ಹೊಸ ಕಾಯಿದೆ

1923ರ ಭಾರತೀಯ ಬಾಯ್ಲರ್ ಕಾಯಿದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರ್ ಕಾಯಿದೆ ಬಂದಿದೆ. ಅದರ ವ್ಯಾಪ್ತಿಗೆ ಬರುವ ಬಾಯ್ಲರಿಗೆ ನೋಂದಣಿ, ಚಾಲನೆಯ ಪ್ರಮಾಣಪತ್ರ, ಅರ್ಹ ನಿರ್ವಾಹಕ ಇರಲೇಬೇಕು. ಮುಚ್ಚಿದ ಕಾರ್ಖಾನೆಯಿಂದ ಅಗ್ಗಕ್ಕೆ ಸಿಗುವ ಬಾಯ್ಲರನ್ನು ಕೊಳ್ಳುವ ಮುನ್ನ, ಅದರ ಮೈಮೇಲಿನ ನೋಂದಣಿ ಸಂಖ್ಯೆ ದಾಖಲೆಗೆ ಹೊಂದುತ್ತದೆಯೇ, ದುರಸ್ತಿಗೆ ಇಲಾಖೆಯ ಒಪ್ಪಿಗೆಯಿತ್ತೇ ಎಂದು ನೋಡಬೇಕು. ಕಾಗದವಿಲ್ಲದ ಬಾಯ್ಲರ್ ಗುಜರಿಯ ಬೆಲೆಯದು. ಅಗ್ನಿ ವಿಮೆಯಲ್ಲಿ ಬಾಯ್ಲರ್ ಸ್ಫೋಟದ ನಷ್ಟ ಸೇರಿದೆಯೇ ಎಂಬುದನ್ನೂ ಪಾಲಿಸಿಯ ಷರತ್ತುಗಳಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಯಾವ ಇಂಧನದಲ್ಲಿ, ಎಷ್ಟು ತೇವದಲ್ಲಿ, ಎಷ್ಟು ಬಿಸಿಯ ನೀರಿಗೆ, ಎಷ್ಟು ದಕ್ಷತೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಿರಿ. ಸ್ಥಾಪನೆಯ ನಂತರ ಸೌದೆಯನ್ನು ತೂಗಿ, ನೀರನ್ನು ಅಳೆದು, ಒಂದು ವಾರದ ಲೆಕ್ಕ ಬರೆದಿಡಿ. ದರಪಟ್ಟಿಯ ಮಾತು ಎಷ್ಟು ನಿಜವೆಂಬುದು ಆ ಒಂದು ಪುಟದಲ್ಲಿ ತಿಳಿಯುತ್ತದೆ. ಕೊನೆಯ ಕಂತಿನ ಹಣವನ್ನು ಅಲ್ಲಿಯವರೆಗೆ ತಡೆದಿಡುವ ಷರತ್ತನ್ನು ಖರೀದಿ ಆದೇಶದಲ್ಲಿಯೇ ಸೇರಿಸುವುದು ಲೇಸು.